ಪವರ್ ಹಾಕ್ಲಾ, ನಾರ್ಮಲ್ಲಾ?

ಸಾಗರ ಕಡೆಯ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಅವರ ಮಗ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದಿದ್ದಾನೆ. ಎರಡೇ ಬಾಗಿಲು, ನೆಲ ಮುಟ್ಟೋ ಹಾಗೆ ಕೂತಿರುವ ಗಾಡಿ. "ಅಪ್ಪಯ್ಯ, ಇದಕ್ಕೆ ಪ್ರೀಮಿಯಂ ಪೆಟ್ರೋಲೇ ಆಗಬೇಕು" ಅಂತಾನಂತೆ ಮಗ. ಅಪ್ಪನ ಪ್ರಶ್ನೆ ಅದಕ್ಕಿಂತ ಸ್ವಾರಸ್ಯವಾಗಿದೆ: "ಹಂಗಾದ್ರೆ ನನ್ನ ಬೈಕಿಗೆ, ತೋಟದ ಹುಲ್ಲು ಹೊಡೆಯೋ ಮಷಿನ್ನಿಗೂ ಅದನ್ನೇ ಹಾಕಿದ್ರೆ ಒಳ್ಳೇದಲ್ವಾ ಸರ್? ಪವರ್ರೂ ಜಾಸ್ತಿ, ಮೈಲೇಜೂ ಜಾಸ್ತಿ ಅಂತಾರಲ್ಲ?"

ನೋಡಿ ವೀಕ್ಷಕರೇ, ಈ ಒಂದು ಪ್ರಶ್ನೆಯಲ್ಲಿ ನಮ್ಮೆಲ್ಲರ ಜೇಬು ಇದೆ. ಸ್ಪೋರ್ಟ್ಸ್ ಕಾರು ಎಲ್ಲರ ಮನೆಯಲ್ಲಿ ಇರಲ್ಲ. ಆದರೆ ಬಂಕಿಗೆ ಹೋದಾಗ "ಪವರ್ ಹಾಕ್ಲಾ, ನಾರ್ಮಲ್ಲಾ?" ಅಂತ ಹುಡುಗ ಕೇಳೋದು ಎಲ್ಲರಿಗೂ. ಹಿಂದೆ ನಾಲ್ಕು ಗಾಡಿ ನಿಂತಿರ್ತವೆ. ನಾರ್ಮಲ್ ಅನ್ನೋಕೆ ಏನೋ ಮುಜುಗರ. ಪವರ್ ಅಂದುಬಿಡ್ತೀವಿ. ಆ ಒಂದು ಮುಜುಗರಕ್ಕೆ ನಾವು ವರ್ಷಕ್ಕೆ ಎಷ್ಟು ದುಡ್ಡು ಕೊಡ್ತಾ ಇದ್ದೀವಿ, ಅದರಿಂದ ಸಿಗೋದೇನು ಅನ್ನೋದನ್ನ ಇವತ್ತು ನೋಡೋಣ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸೋಣ. 91, 95, 100 ಅಂತ ಬೋರ್ಡಿನಲ್ಲಿ ಬರೆದಿರ್ತಾರಲ್ಲ, ಅದು ಪೆಟ್ರೋಲಿನ ಶಕ್ತಿಯ ಅಳತೆ ಅಲ್ಲ. 100 ಅಂದರೆ 91ಕ್ಕಿಂತ ಒಂಬತ್ತು ಪಾಲು ಜಾಸ್ತಿ ಬಲ ಅಂತ ಅಲ್ಲವೇ ಅಲ್ಲ. ಅದು ಪೆಟ್ರೋಲಿನ ತಾಳ್ಮೆಯ ಅಳತೆ.

ಹೇಗೆ? ಇಂಜಿನ್ನಿನ ಸಿಲಿಂಡರಿನ ಒಳಗೆ ಗಾಳಿ ಮತ್ತು ಪೆಟ್ರೋಲ್ ಬೆರೆತು ಬರುತ್ತೆ. ಪಿಸ್ಟನ್ ಮೇಲೆ ಬಂದು ಅದನ್ನ ಸುಮಾರು ಹತ್ತನೇ ಒಂದು ಭಾಗಕ್ಕೆ ಅದುಮುತ್ತೆ. ಅದುಮಿದರೆ ಬಿಸಿಯಾಗುತ್ತೆ, ಸೈಕಲ್ ಪಂಪು ಒತ್ತಿದವರಿಗೆಲ್ಲ ಇದು ಗೊತ್ತು. ಸರಿಯಾದ ಕ್ಷಣಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಕೊಡಬೇಕು, ಆಗ ಬೆಂಕಿ ಹತ್ತಬೇಕು. ಆದರೆ ಮಿಶ್ರಣದ ಒಂದು ಮೂಲೆ ಬಿಸಿ ತಡೆಯಲಾರದೆ ತಾನಾಗಿಯೇ ಹತ್ತಿಕೊಂಡರೆ? ಒಳಗೆ ಒತ್ತಡದ ಏಟು ಬೀಳುತ್ತೆ, ಟಕಟಕ ಸದ್ದು ಬರುತ್ತೆ. ಮೆಕ್ಯಾನಿಕ್‌ಗಳು ನಾಕಿಂಗ್ ಅಂತಾರಲ್ಲ, ಅದೇ ಇದು. ಹೀಗೇ ಬಹಳ ಕಾಲ ನಡೆದರೆ ಪಿಸ್ಟನ್ನೇ ಹಾಳು.

ನಮ್ಮ ಮಲೆನಾಡಿನವರಿಗೆ ಯಕ್ಷಗಾನದ ಉದಾಹರಣೆ ಸಾಕು. ಭಾಗವತರು ಪದ ಎತ್ತಬೇಕು, ಚಂಡೆ ಬೀಳಬೇಕು, ಆಮೇಲೆ ವೇಷ ರಂಗಕ್ಕೆ ಬರಬೇಕು. ಅದಕ್ಕೂ ಮೊದಲೇ ವೇಷಧಾರಿ ನುಗ್ಗಿಬಿಟ್ಟರೆ ಎಷ್ಟು ಒಳ್ಳೆ ಕಲಾವಿದನಾದರೂ ಆಟ ಕೆಟ್ಟಿತು. ಆಕ್ಟೇನ್ ಅಂದರೆ ಕರೆಯುವ ತನಕ ಚೌಕಿಯಲ್ಲಿ ಸುಮ್ಮನೆ ಕೂತಿರೋ ಗುಣ. ಕುಣಿತದ ಬಲಕ್ಕೂ ಅದಕ್ಕೂ ಸಂಬಂಧ ಇಲ್ಲ.

ಈಗ ಸ್ಪೋರ್ಟ್ಸ್ ಕಾರಿನ ವಿಷಯ ಸುಲಭ ಆಯ್ತು. ಅಂಥ ಕಾರುಗಳ ಇಂಜಿನ್ ಮಿಶ್ರಣವನ್ನ ಜೋರಾಗಿ ಅದುಮುತ್ತೆ, ಟರ್ಬೊ ಇದ್ದರೆ ಗಾಳಿಯನ್ನೂ ಒತ್ತಿ ತುಂಬುತ್ತೆ. ಒಳಗೆ ಬಿಸಿ ಹೆಚ್ಚು, ಒತ್ತಡ ಹೆಚ್ಚು. ಅದಕ್ಕೆ ತಾಳ್ಮೆಯ ಪೆಟ್ರೋಲ್ ಬೇಕು. ಆದ್ದರಿಂದಲೇ ಯುರೋಪಿನ ಅನೇಕ ದುಬಾರಿ ಕಾರುಗಳ ಪೆಟ್ರೋಲ್ ಮುಚ್ಚಳದ ಒಳಗೆ 95 ಅಂತಲೋ 98 ಅಂತಲೋ ಬರೆದಿರುತ್ತೆ. ಅಲ್ಲಿ ಎರಡು ಮಾತು ಗಮನಿಸಿ. ಒಂದು "ಕನಿಷ್ಠ", ಇನ್ನೊಂದು "ಶಿಫಾರಸು". ಕನಿಷ್ಠ 95 ಅಂದರೆ ಅದಕ್ಕಿಂತ ಕೆಳಗೆ ಹೋಗಬೇಡಿ ಅಂತ ಅರ್ಥ. ಶಿಫಾರಸು 98 ಅಂದರೆ ಅದಿಲ್ಲದಿದ್ದರೂ ಓಡುತ್ತೆ, ಆದರೆ ಪೂರ್ತಿ ಜೋರು ಸಿಗಲ್ಲ ಅಂತ. ಇವತ್ತಿನ ಕಾರುಗಳಲ್ಲಿ ನಾಕಿಂಗ್ ಪತ್ತೆ ಮಾಡುವ ಸೆನ್ಸರ್ ಇರುತ್ತೆ. ಸದ್ದು ಶುರುವಾದ ಕೂಡಲೇ ಕಂಪ್ಯೂಟರು ಕಿಡಿಯನ್ನ ಸ್ವಲ್ಪ ತಡವಾಗಿ ಕೊಡುತ್ತೆ. ಇಂಜಿನ್ ಉಳಿಯುತ್ತೆ, ಎಳೆತ ಕಡಿಮೆಯಾಗುತ್ತೆ, ಅಷ್ಟೆ. ಹಳೇ ಕಾರ್ಬ್ಯುರೇಟರ್ ಗಾಡಿಗಳಿಗೆ ಈ ರಕ್ಷಣೆ ಇಲ್ಲ.

ನಮ್ಮೂರಿನ ರಸ್ತೆಗೂ ಇದಕ್ಕೂ ಸಂಬಂಧ ಇದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಬನ್ನಿ, ಅಥವಾ ಕುಂದಾಪುರ ಕಡೆಯಿಂದ ಹುಲಿಕಲ್ ಘಾಟಿ ಹತ್ತಿ ಹೊಸನಗರಕ್ಕೆ ಬನ್ನಿ. ತಿರುವಿನ ಮೇಲೆ ತಿರುವು. ಗೇರ್ ಇಳಿಸೋಕೆ ಸೋಮಾರಿತನ ಮಾಡಿ, ದೊಡ್ಡ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿ ಎಳೆಸ್ತೀವಲ್ಲ, ನಾಕಿಂಗ್ ಬರೋದು ಅಲ್ಲೇ. ಮುಚ್ಚಳದಲ್ಲಿ 91 ಅಂತ ಬರೆದಿರೋ ಗಾಡಿಗೆ ಘಾಟಿಯಲ್ಲಿ ಬೇಕಾಗಿರೋದು ದುಬಾರಿ ಪೆಟ್ರೋಲ್ ಅಲ್ಲ, ಒಂದು ಗೇರ್ ಕೆಳಗೆ ಹಾಕೋ ಅಭ್ಯಾಸ. ಇದಕ್ಕೆ ದುಡ್ಡೂ ಬೇಕಿಲ್ಲ.

ಇನ್ನು ಅಪ್ಪನ ಬೈಕಿಗೆ ಬರೋಣ. ಲೆಕ್ಕ ಹಾಕೋಣ ಬನ್ನಿ. ಸುಲಭಕ್ಕೆ ನಾರ್ಮಲ್ ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಪ್ರೀಮಿಯಂ 108 ರೂಪಾಯಿ ಅಂತ ಇಟ್ಟುಕೊಳ್ಳಿ. ಕೊಟ್ಟ ಹೆಚ್ಚಿನ ದುಡ್ಡು ವಾಪಸ್ ಬರಬೇಕಾದರೆ ಲೀಟರಿಗೆ 50 ಕಿಲೋಮೀಟರ್ ಕೊಡ್ತಿದ್ದ ಬೈಕು 54 ಕೊಡಬೇಕು. 91ಕ್ಕೇ ತಯಾರಾದ ಇಂಜಿನ್ ಕೇವಲ ಆಕ್ಟೇನ್ ಏರಿಸಿದ ಮಾತ್ರಕ್ಕೆ ಅಷ್ಟು ಕೊಡಲ್ಲ. ಯಾಕಂದರೆ ಆ ಇಂಜಿನ್ನಿನಲ್ಲಿ ನಾಕಿಂಗೇ ಇರಲಿಲ್ಲ, ಇಲ್ಲದ ಕಾಯಿಲೆಗೆ ಔಷಧಿ ಕುಡಿಸಿದ ಹಾಗಾಯ್ತು. ತಿಂಗಳಿಗೆ 1,200 ಕಿಲೋಮೀಟರ್ ಓಡಿಸುವವರಿಗೆ 24 ಲೀಟರ್ ಬೇಕು. ಲೀಟರಿಗೆ ಎಂಟು ರೂಪಾಯಿಯಂತೆ ತಿಂಗಳಿಗೆ 192, ವರ್ಷಕ್ಕೆ 2,304 ರೂಪಾಯಿ. ಬೈಕಿನ ಆಯಿಲ್ ಬದಲಾಯಿಸಿ, ಏರ್ ಫಿಲ್ಟರ್ ಹಾಕಿಸಿ, ಟೈರಿಗೆ ಗಾಳಿ ಹಿಡಿಸೋಕೆ ಆಗೋ ದುಡ್ಡು ಅದು. ಮೈಲೇಜು ನಿಜವಾಗಿ ಬರೋದು ಅದರಿಂದ.

ಹಾಗಾದರೆ ಪ್ರೀಮಿಯಂ ಪೂರ್ತಿ ಮೋಸವಾ? ಅಲ್ಲ. ಅದರಲ್ಲಿ ಇಂಜಿನ್ ಒಳಗಿನ ಮಸಿ ತೊಳೆಯುವ ಅಡಿಟಿವ್‌ಗಳನ್ನ ಹೆಚ್ಚಾಗಿ ಸೇರಿಸಿರ್ತಾರೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ 95, ಹಿಂದೂಸ್ತಾನ್ ಪೆಟ್ರೋಲಿಯಂನ ಪವರ್ 95, ಭಾರತ್ ಪೆಟ್ರೋಲಿಯಂನ ಸ್ಪೀಡ್, ಎಲ್ಲರೂ ಇದನ್ನೂ ಹೇಳಿಯೇ ಮಾರೋದು. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ 100 ಆಕ್ಟೇನಿನ ಎಕ್ಸ್‌ಪಿ 100 ಬಿಡುಗಡೆ ಮಾಡಿತು. ಅದು ಬೇಕಾಗೋದು ಬಹಳ ದುಬಾರಿ ಬೈಕು, ಕಾರುಗಳಿಗೆ ಮಾತ್ರ. ಮುಚ್ಚಳದಲ್ಲಿ 98 ಕೇಳುವ ಕಾರಿಗೆ ಅದು ಸರಿ, 91 ಕೇಳುವ ಬೈಕಿಗೆ ಅದು ಶೋಕಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಇಲ್ಲಿಯವರೆಗೆ ಹೇಳಿದ್ದು ಹತ್ತು ವರ್ಷದ ಹಿಂದೆಯೂ ಸತ್ಯವೇ. ಆದರೆ ಈಗ ನಾರ್ಮಲ್ ಪೆಟ್ರೋಲೇ ಬದಲಾಗಿಬಿಟ್ಟಿದೆ.

2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ವೇದಿಕೆಯಲ್ಲಿ, ಪ್ರಧಾನಿ ಮೋದಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಅಂದರೆ ನೂರಕ್ಕೆ 20 ಪಾಲು ಎಥೆನಾಲ್. 2030ಕ್ಕೆ ಅಂತ ಇದ್ದ ಗುರಿಯನ್ನ 2025ಕ್ಕೇ ಮುಟ್ಟಿದರು. ಎಥೆನಾಲಿನ ಆಕ್ಟೇನ್ 108ಕ್ಕೂ ಹೆಚ್ಚು. ಅದನ್ನ ಬೆರೆಸಿದರೆ ಪೆಟ್ರೋಲಿನ ತಾಳ್ಮೆ ತಾನಾಗಿಯೇ ಏರುತ್ತೆ. ಹಿಂದೆ ಇದೇ ಕೆಲಸಕ್ಕೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. 1921ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಆ ವಿಷವನ್ನ ಭಾರತ ಪೂರ್ತಿ ಬಿಟ್ಟಿದ್ದು 2000ನೇ ಇಸವಿಯಲ್ಲಿ. ಸೀಸ ಮಾಡ್ತಿದ್ದ ಕೆಲಸವನ್ನ ಈಗ ಎಥೆನಾಲೂ ಮಾಡುತ್ತೆ.

2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಒಂದು ವಿವರಣೆ ಕೊಟ್ಟಿತು. ಹಿಂದೆ 88 ಇದ್ದ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಬಿಎಸ್6ರಲ್ಲಿ 91 ಆಯಿತು, ಎಥೆನಾಲ್ 20 ಪಾಲು ಬೆರೆತ ಮೇಲೆ ಅದು 95 ಆಗಿದೆ ಅಂತ. ಗಮನಿಸಿದ್ರಾ? ಸರ್ಕಾರ ಹೇಳೋ ಪ್ರಕಾರ ನಾರ್ಮಲ್ಲೇ 95! ಹಾಗಾದರೆ ಪಕ್ಕದ ನಾಜಲ್‌ನಲ್ಲಿ 95 ಅಂತ ದೊಡ್ಡದಾಗಿ ಬರೆದು ಹೆಚ್ಚು ದುಡ್ಡಿಗೆ ಕೊಡೋದು ಏನನ್ನ? ಉಳಿದದ್ದು ಆ ತೊಳೆಯುವ ಅಡಿಟಿವ್ ಒಂದೇ. ಅದು ಬೇಕು ಅನ್ನಿಸಿದವರು ಕೊಂಡುಕೊಳ್ಳಲಿ. ಆದರೆ ಆ 95 ಅನ್ನೋ ಸಂಖ್ಯೆಗೆ ಅಂತ ದುಡ್ಡು ಕೊಡಬೇಡಿ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖ ಇದೆ. ಎಥೆನಾಲಿನಲ್ಲಿ ತಾಳ್ಮೆ ಜಾಸ್ತಿ, ಕಸುವು ಕಡಿಮೆ. ಲೀಟರಿಗೆ ಲೀಟರ್ ಹೋಲಿಸಿದರೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಮ್ಮಿ. 2021ರಲ್ಲಿ ನೀತಿ ಆಯೋಗದ ವರದಿಯೇ ಹೇಳಿತ್ತು: ಎಥೆನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸವಾಗಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ ಮೈಲೇಜು ನೂರಕ್ಕೆ 6ರಿಂದ 7ರಷ್ಟು ಇಳಿಯುತ್ತೆ, ಅಂಥ ದ್ವಿಚಕ್ರ ವಾಹನಗಳಲ್ಲಿ 3ರಿಂದ 4ರಷ್ಟು. ಹಳೇ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳಿಗೂ ಅದು ಆಗಿಬರಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದವರು ಮುಚ್ಚಳದ ಒಳಗೆ ಓದಬೇಕಾದದ್ದು ಒಂದಲ್ಲ, ಎರಡು ಸಂಖ್ಯೆ. ಒಂದು ಆಕ್ಟೇನ್. ಇನ್ನೊಂದು ಇ5, ಇ10, ಇ20 ಅನ್ನೋ ಗುರುತು. ಅಲ್ಲಿ ಇ10 ಅಂತ ಇದ್ದರೆ ಕಂಪನಿಯ ಸರ್ವೀಸ್ ಸೆಂಟರಿಗೆ ಬರೆದು, ಇ20 ಹಾಕಬಹುದಾ ಅಂತ ಲಿಖಿತ ಉತ್ತರ ಪಡೆಯಿರಿ. ಬಾಯಿಮಾತು ಬೇಡ. ಪ್ರೀಮಿಯಂ ಅಂದ ಮಾತ್ರಕ್ಕೆ ಎಥೆನಾಲ್ ಇಲ್ಲ ಅಂತಲೂ ತಿಳಿಯಬೇಡಿ. ಎಥೆನಾಲ್ ಇಲ್ಲದ ಪೆಟ್ರೋಲ್ ಆಯ್ಕೆಯೂ ಇರಲಿ ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು.

ಮಲೆನಾಡಿಗೆ ಇದರಲ್ಲಿ ಒಂದು ವಿಶೇಷ ತಲೆನೋವಿದೆ. ಅದು ನೀರು. ಆಗುಂಬೆ, ಹುಲಿಕಲ್ ಸುತ್ತಮುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಹೊಡೆಯೋ ಜಾಗ. ಎಥೆನಾಲಿಗೆ ನೀರು ಅಂದರೆ ಬಹಳ ಪ್ರೀತಿ. ಸ್ವಲ್ಪ ನೀರು ಸೇರಿದರೆ ತನ್ನೊಳಗೆ ಕರಗಿಸಿಕೊಳ್ಳುತ್ತೆ. ಮಿತಿ ಮೀರಿದರೆ ನೀರಿನ ಜೊತೆಗೇ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿದುಬಿಡುತ್ತೆ. ಆಗ ಎರಡು ನಷ್ಟ. ತಳದ ನೀರು ಇಂಜಿನ್ನಿಗೆ ಹೋಗುತ್ತೆ, ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಬಿದ್ದುಹೋಗುತ್ತೆ. 95 ಅಂತ ಕೊಂಡದ್ದು 95 ಆಗಿ ಉಳಿಯಲ್ಲ. ಎಥೆನಾಲ್ ಬೆರೆತಿದ್ದರೆ ಪ್ರೀಮಿಯಮ್ಮಿಗೂ ಇದೇ ಗತಿ.

ಹೆಚ್ಚು ಪೆಟ್ಟು ಯಾರಿಗೆ? ದಿನಾ ಓಡೋ ಗಾಡಿಗಲ್ಲ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ಮುಸುಕು ಹೊದ್ದು ನಿಲ್ಲೋ ಸ್ಪೋರ್ಟ್ಸ್ ಕಾರಿಗೆ. ಅದಕ್ಕಿಂತ ಹೆಚ್ಚಾಗಿ ನಮ್ಮ ತೋಟದ ಮಷಿನ್ನುಗಳಿಗೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯೋ ಪಂಪು, ಹುಲ್ಲು ಹೊಡೆಯೋ ಮಷಿನ್ನು, ಇವಕ್ಕೆ ಕ್ಯಾನಿನಲ್ಲಿ ಪೆಟ್ರೋಲ್ ತಂದು ಕೊಟ್ಟಿಗೆಯ ಮೂಲೆಯಲ್ಲಿ ಇಡ್ತೀವಿ. ಮುಚ್ಚಳ ಸಡಿಲ, ಹೊರಗೆ ಜಡಿಮಳೆ. ಮಳೆ ಹೊಳವಾದ ಒಂದು ದಿನ ಔಷಧಿ ಹೊಡೆಯೋಣ ಅಂದರೆ ಮಷಿನ್ನು ಸ್ಟಾರ್ಟೇ ಆಗಲ್ಲ. ಆ ದಿನ ತಪ್ಪಿದರೆ ಕೊಳೆ ಬಂದು ಕಾಯಿ ನೆಲ ಹಿಡಿಯುತ್ತೆ. ಅಲ್ಲಿ ಹೋಗೋದು ಲೀಟರಿಗೆ ಎಂಟು ರೂಪಾಯಿ ಅಲ್ಲ, ವರ್ಷದ ಫಸಲು.

ಹಾಗಾಗಿ ನಾನು ಹೇಳೋದಿಷ್ಟು. ಮಷಿನ್ನಿಗೆ ಪ್ರೀಮಿಯಂ ಬೇಡ, ಹೊಸ ಪೆಟ್ರೋಲ್ ಬೇಕು. ಎರಡು ಮೂರು ವಾರಕ್ಕೆ ಆಗೋಷ್ಟು ಮಾತ್ರ ತನ್ನಿ, ಬಿಗಿಯಾದ ಮುಚ್ಚಳದ ಒಳ್ಳೆ ಕ್ಯಾನಿನಲ್ಲಿ ಇಡಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯೋ ತನಕ ಓಡಿಸಿ ಇಡಿ. ಕಾರನ್ನ ಮಳೆಗಾಲದಲ್ಲಿ ನಿಲ್ಲಿಸೋದೇ ಆದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಒಳಗೆ ಒದ್ದೆ ಗಾಳಿಗೆ ಜಾಗ ಇರಬಾರದು. ಆಗಾಗ ಓಡಿಸಿ ಆ ಪೆಟ್ರೋಲ್ ಖರ್ಚು ಮಾಡಿ.

ಬಂಕಿನಲ್ಲಿ ನಿಮಗಿರೋ ಹಕ್ಕೂ ಗೊತ್ತಿರಲಿ. "ಝೀರೋ ನೋಡ್ಕೊಳ್ಳಿ ಸರ್" ಅನ್ನೋದು ಮಾತ್ರ ಅಲ್ಲ. ಅನುಮಾನ ಬಂದರೆ ಫಿಲ್ಟರ್ ಪೇಪರ್ ಟೆಸ್ಟ್ ಕೇಳಬಹುದು, ಡೆನ್ಸಿಟಿ ತೋರಿಸಿ ಅನ್ನಬಹುದು, ಐದು ಲೀಟರಿನ ಸರ್ಕಾರಿ ಮುದ್ರೆಯ ಅಳತೆಪಾತ್ರೆಗೆ ಹಿಡಿದು ತೋರಿಸಿ ಅನ್ನಬಹುದು. ಇದು ಜಗಳ ಅಲ್ಲ, ಗ್ರಾಹಕನ ಹಕ್ಕು.

ಸರ್ಕಾರಕ್ಕೂ ಒಂದು ಮಾತು. ಎಥೆನಾಲಿನಿಂದ ಕಬ್ಬು, ಜೋಳ ಬೆಳೆಯೋ ರೈತನಿಗೆ ದುಡ್ಡು ಬರಲಿ, ವಿದೇಶಕ್ಕೆ ಹೋಗೋ ಡಾಲರ್ ಉಳಿಯಲಿ, ನನ್ನದೇನೂ ತಕರಾರಿಲ್ಲ. ಆದರೆ ದುಡ್ಡು ಕೊಟ್ಟು ಕೊಳ್ಳೋನಿಗೆ ತಾನು ಕೊಳ್ಳೋದು ಏನು ಅಂತ ಗೊತ್ತಾಗಬೇಕಲ್ವಾ? ಬಿಸ್ಕತ್ತಿನ ಪೊಟ್ಟಣದ ಮೇಲೆ ಏನೇನಿದೆ ಅಂತ ಬರೆದಿರುತ್ತೆ. ಪ್ರತಿ ನಾಜಲ್ ಮೇಲೂ ಆಕ್ಟೇನ್ ಎಷ್ಟು, ಎಥೆನಾಲ್ ಎಷ್ಟು ಅಂತ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸೋಕೆ ಏನು ಕಷ್ಟ? ಅದು ಬರೆದುಬಿಟ್ಟರೆ ಪವರ್, ಸ್ಪೀಡ್ ಅನ್ನೋ ಹೆಸರಿಗೆ ಯಾರೂ ದುಡ್ಡು ಸುರಿಯಬೇಕಾಗಿಲ್ಲ.

ಅಲ್ಲಿಯವರೆಗೆ ಗಾಡಿಯ ಮುಚ್ಚಳ ಏನು ಕೇಳುತ್ತೋ ಅದನ್ನ ಹಾಕಿಸಿ. ನಾರ್ಮಲ್ ಸಾಕು ಅಂತ ಮುಚ್ಚಳ ಹೇಳಿದರೆ, ಹಿಂದೆ ಎಷ್ಟೇ ಗಾಡಿ ನಿಂತಿರಲಿ, ತಲೆ ಎತ್ತಿ ಹೇಳಿ: ನಾರ್ಮಲ್!