ಕೇಮನ್ ‘ಅರ್ಧ 911’ ಅಲ್ಲ

ಮಳೆ ನಿಂತು ಕಾಫಿ ಹಣ್ಣಾಗುವ ಹೊತ್ತಿಗೆ ಚಿಕ್ಕಮಗಳೂರು, ಮೂಡಿಗೆರೆ ರಸ್ತೆಗಳಲ್ಲಿ ಬೆಂಗಳೂರಿನ ಸ್ಪೋರ್ಟ್ಸ್ ಕಾರುಗಳು ಕಾಣಿಸತೊಡಗುತ್ತವೆ. ಕೊಟ್ಟಿಗೆಹಾರದ ಹೋಟೆಲ್ ಮುಂದೆ ಒಂದು ಪೋರ್ಷೆ ನಿಂತರೆ ಸಾಕು, ಸುತ್ತ ಜನ ಸೇರಿ ಮಾತು ಶುರುವಾಗುತ್ತದೆ. ಆ ಮಾತುಗಳಲ್ಲಿ ಹೆಚ್ಚು ಅನ್ಯಾಯವಾಗುವುದು ಕೇಮನ್ ಎಂಬ ಎರಡು ಸೀಟಿನ ಕೂಪೆಗೆ.

ಕಲ್ಪನೆ: ಪೋರ್ಷೆಯ ಹೆಸರಾಂತ 911 ಕೊಳ್ಳಲಾಗದವರಿಗಾಗಿ ಮಾಡಿದ ಕಾರು ಕೇಮನ್.

ಸತ್ಯ: ಬೆಲೆ ಕಡಿಮೆ ಎಂಬುದು ನಿಜ. ಆದರೆ ಎರಡರ ಹುಟ್ಟುಗುಣವೇ ಬೇರೆ. 1963ರಲ್ಲಿ ಮೊದಲು ಪ್ರದರ್ಶನಗೊಂಡ ದಿನದಿಂದ 911ರ ಎಂಜಿನ್ ಇರುವುದು ಹಿಂದಿನ ಆಕ್ಸಲ್‌ನ ಆಚೆಗೆ. ಕೇಮನ್‌ನಲ್ಲಿ ಅದು ಸೀಟಿನ ಬೆನ್ನಿಗೇ, ಆಕ್ಸಲ್‌ನ ಈಚೆಗೆ ಇದೆ. ಹಣ್ಣು ತುಂಬಿದ ಬುಟ್ಟಿಯನ್ನು ಎದೆಗೊತ್ತಿ ಹಿಡಿದವರು ಸಲೀಸಾಗಿ ತಿರುಗುತ್ತಾರೆ. ತೋಳು ಚಾಚಿ ಹಿಡಿದವರನ್ನು ಬುಟ್ಟಿಯೇ ಎಳೆಯುತ್ತದೆ. ಹಾಗೆಯೇ ಭಾರ ನಡುವೆ ಇರುವ ಕೇಮನ್ ತಿರುವಿಗೆ ಚುರುಕಾಗಿ ಹೊರಳುತ್ತದೆ. 911ರ ಲಾಭವೂ ಕಡಿಮೆಯದಲ್ಲ: ಹಿಂದಿನ ಭಾರ ಚಕ್ರಗಳನ್ನು ನೆಲಕ್ಕೆ ಒತ್ತುವುದರಿಂದ ತಿರುವಿನಿಂದ ಹೊರಬರುವಾಗ ಒಳ್ಳೆಯ ಹಿಡಿತ ಸಿಗುತ್ತದೆ. ಜೊತೆಗೆ ಹಿಂದೆ ಎರಡು ಪುಟ್ಟ ಸೀಟುಗಳಿಗೂ ಜಾಗವಿದೆ.

ಕಲ್ಪನೆ: ಪೋರ್ಷೆಯ ಚಾವಣಿ ತೆರೆಯುವ ಕಾರು ಬಾಕ್ಸ್‌ಸ್ಟರ್‌ಗೆ ಗಟ್ಟಿ ಚಾವಣಿ ಹಾಕಿದರೆ ಅದೇ ಕೇಮನ್.

ಸತ್ಯ: ಇದು ಅರ್ಧ ಸತ್ಯ. ತಳಹದಿ ಒಂದೇ, ಆದರೆ ಗಟ್ಟಿ ಚಾವಣಿಯಿಂದ ಇಡೀ ಬಾಡಿ ಬಿಗಿಯಾಗುತ್ತದೆ. 2005ರಲ್ಲಿ ಕೇಮನ್ ಎಸ್ ಬಂದಾಗ ಕಂಪನಿ ತನ್ನ ಸಾಲಿನಲ್ಲಿ ಅದಕ್ಕೆ ಜಾಗವನ್ನು ಅಳೆದೇ ಇಟ್ಟಿತ್ತು. ಬಾಕ್ಸ್‌ಸ್ಟರ್ ಎಸ್‌ಗೆ 3.2 ಲೀಟರ್ ಎಂಜಿನ್, 280 ಅಶ್ವಶಕ್ತಿ. ಕೇಮನ್ ಎಸ್‌ಗೆ 3.4 ಲೀಟರ್, 295. 911 ಕರೇರಾಕ್ಕೆ 3.6 ಲೀಟರ್, 325. ಸಾಮಾನ್ಯವಾಗಿ ಚಾವಣಿ ತೆರೆಯುವ ಕಾರೇ ದುಬಾರಿ. ಇಲ್ಲಿ ಮಾತ್ರ ಕೂಪೆಗೆ ಬೆಲೆ ಹೆಚ್ಚಿತ್ತು. 2016ರಲ್ಲಿ ‘718’ ಹೆಸರು ಸೇರಿದಾಗ ಕಂಪನಿ ಇದನ್ನು ತಿರುವುಮುರುವು ಮಾಡಿ ಕೇಮನ್‌ನ ಬೆಲೆಯನ್ನು ಬಾಕ್ಸ್‌ಸ್ಟರ್‌ಗಿಂತ ಕೆಳಗಿಟ್ಟಿತು. ಅಂದರೆ ಸಾಲಿನಲ್ಲಿ ಸ್ಥಾನ ಶಾಶ್ವತವಲ್ಲ, ಅದು ಮಾರುಕಟ್ಟೆಯ ಲೆಕ್ಕಾಚಾರ.

ಕಲ್ಪನೆ: ಆರು ಸಿಲಿಂಡರ್ ನಾಲ್ಕಾದ ಮೇಲೆ ಶಕ್ತಿ ಕುಸಿಯಿತು.

ಸತ್ಯ: 718 ಕೇಮನ್‌ನ ನಾಲ್ಕು ಸಿಲಿಂಡರಿನ 2 ಲೀಟರ್ ಟರ್ಬೊ ಎಂಜಿನ್ನಿನ ಶಕ್ತಿ 300 ಅಶ್ವಶಕ್ತಿ. ಮೊದಲ ಕೇಮನ್ ಎಸ್‌ಗಿಂತ ಹೆಚ್ಚೇ. ಅಭಿಮಾನಿಗಳು ಕಳೆದುಕೊಂಡದ್ದು ಆರು ಸಿಲಿಂಡರಿನ ಸದ್ದನ್ನು. ಮುಂದೆ ಜಿಟಿ4, ಜಿಟಿಎಸ್ 4.0 ಮಾದರಿಗಳಲ್ಲಿ 4 ಲೀಟರಿನ ಆರು ಸಿಲಿಂಡರ್ ಎಂಜಿನ್ ಮರಳಿ ಬಂತು.

ಕಲ್ಪನೆ: ಕಾಫಿ ಸೀಮೆಯ ದಾರಿಯಲ್ಲಿ ತಗ್ಗಿನ ಕೂಪೆಯನ್ನು ಮೀರಿಸುವ ಕಾರಿಲ್ಲ.

ಸತ್ಯ: ಚಿಕ್ಕಮಗಳೂರಿನ ರ‍್ಯಾಲಿ ನೋಡಿದವರಿಗೆ ಉತ್ತರ ಗೊತ್ತು. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತು ಇಲ್ಲಿನ ಎಸ್ಟೇಟುಗಳ ಮಣ್ಣಿನ ದಾರಿಯಲ್ಲಿ ನಡೆದಾಗ ಚಾಲಕ ಗೌರವ್ ಗಿಲ್ ಗೆದ್ದದ್ದು ಸ್ಕೋಡಾ ಫೇಬಿಯಾ ಆರ್5ನಲ್ಲಿ. ನೋಡಲು ಮನೆಮಂದಿಯ ಹ್ಯಾಚ್‌ಬ್ಯಾಕ್, ಒಳಗೆ 1.6 ಲೀಟರ್ ಟರ್ಬೊ, ನಾಲ್ಕೂ ಚಕ್ರಗಳಿಗೆ ಶಕ್ತಿ. ಜಲ್ಲಿ, ಕೆಸರಿನ ಮೇಲೆ ಬೇಕಾದದ್ದು ಹಿಡಿತ ಮತ್ತು ಸಸ್ಪೆನ್ಷನ್. ಕೂಪೆಯ ನಯವಾದ ಇಳಿಜಾರು ಬೆನ್ನು ಅಲ್ಲಿ ಲೆಕ್ಕಕ್ಕಿಲ್ಲ.

ಕಲ್ಪನೆ: ಇಂಥ ಕಾರಿದ್ದರೆ ಚಾರ್ಮಾಡಿ ಘಾಟಿಯಲ್ಲಿ ವೇಗ ಅಪಾಯವಲ್ಲ.

ಸತ್ಯ: ರ‍್ಯಾಲಿ ನಡೆಯುವುದು ಬೇರೆ ವಾಹನಗಳಿಗೆ ಮುಚ್ಚಿದ ದಾರಿಯಲ್ಲಿ. ಚಾರ್ಮಾಡಿಯ ಹೇರ್‌ಪಿನ್ ತಿರುವಿನಾಚೆ ಮಂಜು ಇರಬಹುದು, ಗುಡ್ಡದಿಂದ ಜಾರಿದ ಮಣ್ಣು ಇರಬಹುದು. ಕಳಸ–ಹೊರನಾಡು ರಸ್ತೆಯಲ್ಲಿ ಎದುರಿಗೆ ಬಸ್ಸೋ, ಆಳುಗಳನ್ನು ತುಂಬಿಕೊಂಡ ಪಿಕಪ್ಪೋ ಬರಬಹುದು. ಎಂಜಿನ್ ಎಲ್ಲಿದ್ದರೂ ತಿರುವಿನಾಚೆ ಕಾಣುವುದಿಲ್ಲ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ.

ಕೇಮನ್ ತನ್ನ ಕಂಪನಿಯ ಸಾಲಿನಲ್ಲಿ ಕೆಳಗಿನ ಮೆಟ್ಟಿಲಲ್ಲ, ಬೇರೆಯದೇ ಸ್ವಭಾವದ ಕಾರು. ಅದರ ಸೊಗಸು ತಿಳಿಯಲು 40ರ ವೇಗದ ಒಂದು ತಿರುವು ಸಾಕು. ಬನ್ನಿ, ಓಡಿಸಿ, ಖುಷಿಪಡಿ. ಆದರೆ ಈ ರಸ್ತೆಯಲ್ಲಿ ದಿನವೂ ಶಾಲೆಗೆ, ತೋಟಕ್ಕೆ ನಡೆದು ಹೋಗುವವರಿದ್ದಾರೆ ಎಂಬುದನ್ನು ದಯವಿಟ್ಟು ಮರೆಯಬೇಡಿ.