ಕಳುಹಿಸಿದ್ದೆಲ್ಲ ತಲುಪಿತೆ?

ಎಸ್ಸೆಮ್ಮೆಸ್ ಕಳುಹಿಸಿದೊಡನೆ ಕೆಲಸ ಮುಗಿಯಿತೆಂದು ನಾವು ನಿಶ್ಚಿಂತರಾಗುತ್ತೇವೆ. ಆದರೆ ಕಳುಹಿಸುವುದು ಬೇರೆ, ತಲುಪುವುದು ಬೇರೆ. ಇವೆರಡರ ನಡುವಣ ಅಂತರವು ಬಹುಮಟ್ಟಿಗೆ ಪಡೆಯುವವರ ಫೋನಿನ ಸ್ಥಿತಿಯನ್ನು ಅವಲಂಬಿಸಿದೆ. ಕಲಾ ವಿದ್ಯಾರ್ಥಿಯಾದ ನಾನು ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಮೊದಲ ಎಸ್ಸೆಮ್ಮೆಸ್ 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ರವಾನೆಯಾಯಿತು. ಅದರ ಮೂಲತತ್ತ್ವ ಸರಳವಾದುದು. ಸಂದೇಶವು ನೇರವಾಗಿ ಎದುರಿನ ಫೋನಿಗೆ ಹೋಗದೆ, ಮೊದಲು ಸಂದೇಶ ಕೇಂದ್ರವೊಂದರಲ್ಲಿ ಇಳಿಯುತ್ತದೆ. ಪಡೆಯುವವರು ಎಲ್ಲಿದ್ದಾರೆಂದು ಆ ಕೇಂದ್ರವು ಮೊಬೈಲ್ ಜಾಲದ ದಾಖಲೆಯನ್ನು ವಿಚಾರಿಸುತ್ತದೆ.

ಫೋನು ಜಾಲದ ಸಂಪರ್ಕದಲ್ಲಿದ್ದರೆ ಸಂದೇಶ ಕೂಡಲೇ ಸೇರುತ್ತದೆ. ಮಾತುಕತೆ ನಡೆಯುತ್ತಿದ್ದರೂ ಅಡ್ಡಿಯಿಲ್ಲ. ಏಕೆಂದರೆ ಅದು ಮಾತಿನ ದಾರಿಯಲ್ಲಿ ಬರದೆ, ಜಾಲದ ಸಂಕೇತಗಳು ಓಡಾಡುವ ದಾರಿಯಲ್ಲಿ ಬರುತ್ತದೆ. ನಾವೇ ಫೋನನ್ನು ಆಫ್ ಮಾಡಿದರೆ ಅದು ಸಾಮಾನ್ಯವಾಗಿ ಜಾಲಕ್ಕೆ ಹೇಳಿಯೇ ಹೋಗುತ್ತದೆ. ಬ್ಯಾಟರಿ ತಟ್ಟನೆ ಕಳಚಿದರೆ ಅಥವಾ ಗುಡ್ಡದ ಮರೆಯಲ್ಲಿ ಸಿಗ್ನಲ್ ತಪ್ಪಿದರೆ ಹೇಳದೆ ಹೋಗುತ್ತದೆ. ಆಗ ಜಾಲವು ಕರೆದು, ಉತ್ತರ ಕಾಣದೆ ಹಿಂದಿರುಗುತ್ತದೆ. ಎರಡು ಸಂದರ್ಭಗಳಲ್ಲಿಯೂ ಕೇಂದ್ರವು ಸಂದೇಶವನ್ನು ಜೋಪಾನವಾಗಿಟ್ಟುಕೊಳ್ಳುತ್ತದೆ. 'ಇವರಿಗೊಂದು ಸಂದೇಶ ಕಾದಿದೆ' ಎಂಬ ಗುರುತು ದಾಖಲೆಯಲ್ಲಿ ಬೀಳುತ್ತದೆ. ಫೋನು ಮರಳಿದೊಡನೆ ಕೇಂದ್ರಕ್ಕೆ ಸುದ್ದಿ ಹೋಗಿ, ಸಂದೇಶ ಮತ್ತೆ ಹೊರಡುತ್ತದೆ. ಫೋನಿನಲ್ಲಿ ಜಾಗವಿಲ್ಲದಿದ್ದರೆ ಫೋನೇ ಅದನ್ನು ನಿರಾಕರಿಸಿ, ಜಾಗವಾದ ಮೇಲೆ ತಿಳಿಸುತ್ತದೆ. ಈ ಕಾಯುವಿಕೆಗೂ ಒಂದು ಅವಧಿಯುಂಟು. ಅದು ಮೀರಿದರೆ ಸಂದೇಶ ಅಳಿದುಹೋಗುತ್ತದೆ.

ನೆರೆಯ ಮುನ್ನೆಚ್ಚರಿಕೆಯಂಥವುಗಳಿಗೆ ಇನ್ನೊಂದು ವಿಧಾನವುಂಟು: ಸೆಲ್ ಬ್ರಾಡ್‌ಕಾಸ್ಟ್. 2023ರಲ್ಲಿ ಕರ್ನಾಟಕದಲ್ಲಿಯೂ ಇದರ ಪರೀಕ್ಷೆ ನಡೆಯಿತು. ಎಸ್ಸೆಮ್ಮೆಸ್ ಅಂಚೆಯವನಂತೆ ಮನೆ ಹುಡುಕಿದರೆ, ಇದು ಡಂಗುರದಂತೆ ಗೋಪುರದ ಸುತ್ತಲಿನವರಿಗೆಲ್ಲ ಏಕಕಾಲಕ್ಕೆ ಸಾರುತ್ತದೆ. ಆದರೆ ಯಾರೊಬ್ಬರಿಗಾಗಿಯೂ ಕಾದಿಡುವುದಿಲ್ಲ. ಆಗ ಆಫ್ ಆಗಿದ್ದ ಫೋನಿಗೆ, ಮತ್ತೆ ಸಾರಿದರೆ ಮಾತ್ರ ಅದು ಲಭ್ಯ.

ಇದು ಯಂತ್ರದ ವಿಷಯ ಮಾತ್ರವಲ್ಲ. ನಮ್ಮ ಮನೆಗಿರುವುದು ಒಂದೇ ಫೋನು. ಹಗಲೆಲ್ಲ ಅದು ಅಪ್ಪನೊಡನೆ ಹೊಲದಲ್ಲಿರುತ್ತದೆ, ಅಲ್ಲಿ ಸಿಗ್ನಲ್ ಬರುವುದೇ ಅಪರೂಪ. ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಓಟಿಪಿ ಸಂಜೆ ಬಂದರೂ, ಅಷ್ಟರಲ್ಲಿ ಅದರ ಕೆಲವೇ ನಿಮಿಷಗಳ ಆಯುಸ್ಸು ತೀರಿರುತ್ತದೆ. ಕೇಂದ್ರವು ಕಾದರೂ ಅಕ್ಷರಗಳ ಅರ್ಥವು ಕಾಯದು.

ಆದುದರಿಂದ 'ಸಂದೇಶ ಕಳುಹಿಸಿದ್ದೇವೆ' ಎಂದಷ್ಟಕ್ಕೆ ಕರ್ತವ್ಯ ಮುಗಿಯಲಾರದು. ತಲುಪಿತೆಂಬ ವರದಿಯನ್ನು ನೋಡುವುದು, ಮತ್ತೊಮ್ಮೆ ಕಳುಹಿಸುವುದು, ಅವಶ್ಯವಾದಲ್ಲಿ ಆಳನ್ನಟ್ಟಿ ಹೇಳಿಸುವುದು ಕಳುಹಿಸಿದವರ ಹೊಣೆ. ಯಂತ್ರವೇ ಅಷ್ಟು ತಾಳ್ಮೆಯಿಂದ ಮರಳಿ ಮರಳಿ ಯತ್ನಿಸುವಾಗ ಮನುಷ್ಯರಾದ ನಾವು ಒಂದೇ ಸಲಕ್ಕೆ ಕೈಬಿಡುವುದು ತರವಲ್ಲ.