ಯಕೃತ್ತಿನ ಕಲೆಯೂ ಸೂಕ್ಷ್ಮ ಗುಳ್ಳೆಗಳ ಪರೀಕ್ಷೆಯೂ

ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ಕೆಲವೊಮ್ಮೆ ‘ಯಕೃತ್ತಿನಲ್ಲಿ ಒಂದು ಕಲೆ ಕಂಡಿದೆ’ ಎಂಬ ಸಾಲು ಇರುತ್ತದೆ. ಆ ಒಂದು ಸಾಲು ಇಡೀ ಮನೆಯ ನೆಮ್ಮದಿಯನ್ನು ಕೆಡಿಸುತ್ತದೆ. ಕ್ಯಾನ್ಸರೇ ಇರಬೇಕೆಂದು ಕೆಲವರು ಎದೆಗುಂದುತ್ತಾರೆ. ಇನ್ನು ಕೆಲವರು ವರದಿಯನ್ನು ಮಡಿಚಿಟ್ಟು, ಕಷಾಯ ಚೂರ್ಣಗಳಿಂದಲೇ ಅದು ಕರಗೀತೆಂದು ನಮ್ಮಂತಹ ವೈದ್ಯರ ಬಳಿಗೆ ಬರುತ್ತಾರೆ. ಇಬ್ಬರಿಗೂ ನಾವು ಹೇಳುವ ಮಾತು ಒಂದೇ: ಆ ಕಲೆ ಯಾವುದೆಂದು ಮೊದಲು ತಿಳಿಯಬೇಕು. ರೋಗಪರೀಕ್ಷೆ ಮೊದಲು, ಔಷಧ ಅನಂತರ ಎಂಬುದು ಆಯುರ್ವೇದದ ಕ್ರಮವೂ ಹೌದು.

ಬೇರೆ ಕಾಯಿಲೆಯಿಲ್ಲದವರಲ್ಲಿ ಅಕಸ್ಮಾತ್ತಾಗಿ ಕಾಣುವ ಇಂತಹ ಕಲೆಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ರಕ್ತನಾಳಗಳ ಗಂಟಾದ ಹೆಮಾಂಜಿಯೋಮಾ, ನೀರು ತುಂಬಿದ ಚೀಲ, ಕೊಬ್ಬಿನ ಶೇಖರಣೆ ಇವು ಸಾಮಾನ್ಯ. ಆದರೆ ಸಿರೋಸಿಸ್, ಹೆಪಟೈಟಿಸ್ ಬಿ ಅಥವಾ ಸಿ ಇರುವವರು ಹಾಗೂ ಹಿಂದೆ ಕ್ಯಾನ್ಸರ್ ಆಗಿದ್ದವರು ಉದಾಸೀನ ಮಾಡಲಾಗದು. ಕಲೆಯ ಸ್ವರೂಪವನ್ನು ಅರಿಯಲು ಸಿ.ಟಿ. ಅಥವಾ ಎಂ.ಆರ್.ಐ. ಮಾಡಿಸುವುದು ರೂಢಿ. ಸಿ.ಟಿ.ಗೆ ಕೊಡುವ ಅಯೋಡಿನ್‌ಯುಕ್ತ ಔಷಧವು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ, ಮೂತ್ರಪಿಂಡ ದುರ್ಬಲವಾದವರಲ್ಲಿ ವೈದ್ಯರು ಹಿಂದೆಮುಂದೆ ನೋಡುತ್ತಾರೆ. ಅಂಥವರಿಗೆ ಇನ್ನೊಂದು ದಾರಿಯುಂಟು. ಅದು ಸೂಕ್ಷ್ಮ ಗುಳ್ಳೆಗಳನ್ನು ಬಳಸಿ ಮಾಡುವ ಅಲ್ಟ್ರಾಸೌಂಡ್ ಪರೀಕ್ಷೆ.

ದ್ರವವನ್ನು ಚುಚ್ಚಿದಾಗ ಅದರಲ್ಲಿನ ಗುಳ್ಳೆಗಳು ಪ್ರತಿಧ್ವನಿಯನ್ನು ಹೆಚ್ಚಿಸುತ್ತವೆಂಬುದನ್ನು ಹೃದಯದ ಪರೀಕ್ಷೆಯಲ್ಲಿ ಗಮನಿಸಿ 1968ರಲ್ಲಿ ಪ್ರಕಟಿಸಿದವರು ಅಮೆರಿಕದ ರೇಮಂಡ್ ಗ್ರಾಮಿಯಾಕ್ ಮತ್ತು ಪ್ರವೀಣ್ ಶಾ. ಇಂದಿನ ಗುಳ್ಳೆಗಳು ಸಾಮಾನ್ಯ ಗಾಳಿಯವಲ್ಲ. ಸಲ್ಫರ್ ಹೆಕ್ಸಾಫ್ಲೋರೈಡ್‌ನಂತಹ ಅನಿಲವನ್ನು ಕೊಬ್ಬಿನ ಅಥವಾ ಪ್ರೋಟೀನಿನ ತೆಳುಪೊರೆ ಸುತ್ತುವರಿದಿರುತ್ತದೆ. ಬಹುಪಾಲು ಗುಳ್ಳೆಗಳು ಕೆಂಪು ರಕ್ತಕಣಕ್ಕಿಂತ ಚಿಕ್ಕವಾದ್ದರಿಂದ ಕಿರುನಾಳಗಳಲ್ಲೂ ಸರಾಗವಾಗಿ ಸಾಗುತ್ತವೆ. ಶಬ್ದತರಂಗ ತಾಗಿದೊಡನೆ ಅವು ಕುಗ್ಗಿ ಹಿಗ್ಗಿ, ಮಾಂಸಭಾಗಕ್ಕಿಂತ ಭಿನ್ನವಾದ ಪ್ರತಿಧ್ವನಿಯನ್ನು ಕೊಡುತ್ತವೆ. ಯಂತ್ರವು ಅದನ್ನಷ್ಟೇ ಬೇರ್ಪಡಿಸಿ ರಕ್ತದ ಹರಿವನ್ನು ಬೆಳ್ಳಗೆ ತೋರಿಸುತ್ತದೆ.

ಕೈಯ ರಕ್ತನಾಳಕ್ಕೆ ಔಷಧ ಕೊಟ್ಟ ಮೇಲೆ ವೈದ್ಯರು ಕೆಲವು ನಿಮಿಷ ಕಲೆಯನ್ನೇ ಗಮನಿಸುತ್ತಾರೆ. ಹೆಮಾಂಜಿಯೋಮಾ ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ ನಿಧಾನವಾಗಿ ಬೆಳ್ಳಗಾಗುತ್ತ ಹಾಗೆಯೇ ಉಳಿಯುತ್ತದೆ. ಕ್ಯಾನ್ಸರ್ ಗಡ್ಡೆ ಬಹುಮಟ್ಟಿಗೆ ಕೊನೆಯ ಹಂತದಲ್ಲಿ ಸುತ್ತಲಿನ ಯಕೃತ್ತಿಗಿಂತ ಕಪ್ಪಾಗುತ್ತದೆ.

‘ರಕ್ತಕ್ಕೆ ಗಾಳಿ ಸೇರಿದರೆ ಪ್ರಾಣಾಪಾಯವಲ್ಲವೇ?’ ಎಂದು ಭಕ್ತರು ಕೇಳುವುದುಂಟು. ದೊಡ್ಡ ಪ್ರಮಾಣದ ಗಾಳಿ ಅಪಾಯಕರವೆಂಬುದು ನಿಜ. ಆದರೆ ಇಲ್ಲಿ ಕೊಡುವ ಅನಿಲವೆಲ್ಲ ಸೇರಿದರೂ ಒಂದು ನೀರಹನಿಯಷ್ಟಾಗದು. ಗುಳ್ಳೆಗಳು ಕೆಲವು ನಿಮಿಷಗಳಲ್ಲಿ ಕರಗಿ, ಅನಿಲವು ಉಸಿರಿನೊಡನೆ ಹೊರಹೋಗುತ್ತದೆ. ಈ ಪರೀಕ್ಷೆಯಲ್ಲಿ ವಿಕಿರಣವಿಲ್ಲ, ಮೂತ್ರಪಿಂಡಕ್ಕೆ ಹೊರೆಯೂ ಇಲ್ಲ.

ಆದರೂ ಎಚ್ಚರ ಬೇಕು. ಬಹಳ ವಿರಳವಾಗಿ ತೀವ್ರ ಅಲರ್ಜಿ ಉಂಟಾಗಬಹುದು. ಹಿಂದಿನ ಅಲರ್ಜಿ, ವಿಶೇಷವಾಗಿ ಕೆಲವು ವಿರೇಚಕ ಔಷಧಗಳಲ್ಲಿರುವ ಪಾಲಿಎಥಿಲಿನ್ ಗ್ಲೈಕಾಲ್‌ನ ಅಲರ್ಜಿ, ಹೃದಯ ಶ್ವಾಸಕೋಶಗಳ ತೀವ್ರ ಕಾಯಿಲೆ, ಗರ್ಭ ಇವುಗಳನ್ನು ಮುಂಚಿತವಾಗಿಯೇ ತಿಳಿಸಬೇಕು. ಪರೀಕ್ಷೆಯ ನಂತರ ಸ್ವಲ್ಪ ಹೊತ್ತು ಆಸ್ಪತ್ರೆಯಲ್ಲೇ ಇರುವುದು ಲೇಸು. ಕರುಳಿನ ವಾಯು ಅಥವಾ ದಪ್ಪನೆಯ ಕೊಬ್ಬು ಅಡ್ಡಬಂದರೆ ಚಿತ್ರ ಸ್ಪಷ್ಟವಾಗದು. ಸಂಶಯ ಉಳಿದರೆ ಎಂ.ಆರ್.ಐ. ಅಥವಾ ಬಯಾಪ್ಸಿ ಬೇಕಾದೀತು. ಎಲ್ಲ ಸ್ಕ್ಯಾನಿಂಗ್ ಕೇಂದ್ರಗಳಲ್ಲಿಯೂ ಈ ಸೌಲಭ್ಯವಿರದು. ನುರಿತ ತಜ್ಞರಿರುವ ದೊಡ್ಡ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ ಹೋಗಬೇಕು.

ಕಲೆ ನಿರಪಾಯಕಾರಿಯೆಂದು ತಿಳಿದರೆ ವೈದ್ಯರು ಹೇಳಿದ ಅವಧಿಗೆ ಮತ್ತೊಮ್ಮೆ ತೋರಿಸಿಕೊಂಡು, ಪಥ್ಯಾಹಾರ ಮತ್ತು ನಿಯಮಗಳೊಂದಿಗೆ ನೆಮ್ಮದಿಯಾಗಿರಿ. ಕ್ಯಾನ್ಸರೆಂದು ತಿಳಿದರೆ ಒಂದು ದಿನವನ್ನೂ ವ್ಯರ್ಥ ಮಾಡದೆ ತಜ್ಞರ ಬಳಿಗೆ ಹೋಗಿರಿ. ಅದನ್ನು ಕಷಾಯದಿಂದ ಕರಗಿಸುವೆವೆಂಬ ಭರವಸೆಯನ್ನು ನಾವು ಕೊಡಲಾರೆವು.

ದೇಹದ ಅನಿತ್ಯತೆಗೆ ನೀರಮೇಲಣ ಗುಳ್ಳೆಯನ್ನು ಶರಣರು ಉಪಮಿಸಿದರು. ಕ್ಷಣಕಾಲವಷ್ಟೇ ಬಾಳುವ ಗುಳ್ಳೆಯೇ ಇಂದು ಆ ದೇಹವನ್ನು ಕಾಯುವ ಸಾಧನವೂ ಆಗಿದೆ. ಕಾಯಕಕ್ಕೂ ದಾಸೋಹಕ್ಕೂ ಆಸರೆಯಾದ ಈ ಕಾಯವನ್ನು ಭಯದಿಂದಾಗಲಿ ಉದಾಸೀನದಿಂದಾಗಲಿ ಕಳೆದುಕೊಳ್ಳದಿರೋಣ.